ತಲಕಾಡಿನ ಹೊಳೆಗೆ ಇಳಿಯುವ ಮುನ್ನ: ಮೊಣಕಾಲುದ್ದದ ನೀರು ಸುರಕ್ಷಿತವೇ? ಮುಳುಗಿದವರನ್ನು ಉಪ್ಪು ಬದುಕಿಸುತ್ತದೆಯೇ?

ಮೈಸೂರಿನಿಂದ ಸುಮಾರು 45 ಕಿ.ಮೀ. ದೂರದ ತಲಕಾಡಿಗೆ ಹೋದವರು ದೇವಸ್ಥಾನಗಳನ್ನು ನೋಡಿ ಮುಗಿಸಿದ ಮೇಲೆ ನೇರವಾಗಿ ಹೊಳೆಯ ಕಡೆ ನಡೆಯುತ್ತಾರೆ. ಅಲ್ಲಿ ಅಗಲವಾದ ಮರಳ ದಂಡೆ, ನಿಧಾನವಾಗಿ ಹರಿಯುವ ಕಾವೇರಿ, ದಡದಲ್ಲಿ ಮೊಣಕಾಲು ಮುಟ್ಟುವಷ್ಟು ನೀರು. ಚೆಂಡಾಟ, ನೀರೆರಚಾಟ, ತೆಪ್ಪದ ಸವಾರಿ, ರೀಲ್ಸ್ ಎಲ್ಲವೂ ನಡೆಯುತ್ತವೆ. ಆದರೆ ಇದೇ ಹೊಳೆಯಲ್ಲಿ ಪ್ರವಾಸಿಗರು ಮುಳುಗಿ ಸತ್ತ ಸುದ್ದಿಯೂ ಮತ್ತೆ ಮತ್ತೆ ಬರುತ್ತದೆ.

ಇಷ್ಟು ಶಾಂತವಾಗಿ ಕಾಣುವ ಜಾಗದಲ್ಲಿ ಹೀಗೇಕೆ ಆಗುತ್ತದೆ? ಜನರ ಬಾಯಲ್ಲಿ ಮತ್ತು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮಾತು 1: ಮರಳು ಇರುವ ಕಡೆ ಆಳ ಇರುವುದಿಲ್ಲ

ಇದು ಅರ್ಧ ಸತ್ಯ. ತಲಕಾಡಿನ ಬಳಿ ಕಾವೇರಿ ತಿರುವು ತೆಗೆದುಕೊಳ್ಳುತ್ತದೆ. ಯಾವುದೇ ನದಿ ತಿರುಗುವಾಗ ಹೊರ ಅಂಚಿನಲ್ಲಿ ನೀರು ಜೋರಾಗಿ ಹರಿದು ತಳವನ್ನು ಕೊರೆಯುತ್ತದೆ. ಒಳ ಅಂಚಿನಲ್ಲಿ ವೇಗ ಕಡಿಮೆಯಾಗಿ, ಹೊತ್ತು ತಂದ ಮರಳನ್ನು ಅಲ್ಲಿ ಬಿಡುತ್ತದೆ. ಅಂದರೆ ಒಂದು ಕಡೆ ಮರಳ ದಂಡೆ ಕಟ್ಟುವ ನದಿಯೇ ಇನ್ನೊಂದು ಕಡೆ ಗುಂಡಿ ತೋಡುತ್ತಿರುತ್ತದೆ. ಈ ಗುಂಡಿಗೆ ಕನ್ನಡದಲ್ಲಿ ‘ಮಡು’ ಎನ್ನುವ ಹೆಸರೇ ಇದೆ.

ಮರಳಿನ ತಳ ಸಿಮೆಂಟಿನ ನೆಲದ ಹಾಗೆ ಒಂದೇ ಕಡೆ ನಿಲ್ಲುವುದೂ ಇಲ್ಲ. ಪ್ರತಿ ಪ್ರವಾಹ ಅದರ ಆಕಾರ ಬದಲಿಸುತ್ತದೆ. ಮರಳು ತೆಗೆದ ಕಡೆ ಹೊಂಡ ಉಳಿಯುತ್ತದೆ. ಹೊಂಡದ ಅಂಚಿನ ಸಡಿಲ ಮರಳಿನ ಮೇಲೆ ಕಾಲಿಟ್ಟರೆ ಅದು ಜಾರುತ್ತದೆ. ಮೊಣಕಾಲುದ್ದದ ನೀರಿನಲ್ಲಿದ್ದವರು ಎರಡೇ ಹೆಜ್ಜೆಯಲ್ಲಿ ತಲೆ ಮುಳುಗುವಷ್ಟು ಆಳಕ್ಕೆ ಹೋಗುವುದು ಹೀಗೆ. ಕಳೆದ ವರ್ಷ ಇಲ್ಲೇ ಆಡಿದ್ದೆವು ಎನ್ನುವ ಅನುಭವ ಈ ವರ್ಷಕ್ಕೆ ಲೆಕ್ಕಕ್ಕಿಲ್ಲ.

ಗಾಲ್ಫ್ ಮೈದಾನದ ಪಕ್ಕ ಹೊಳೆ ಇದ್ದರೆ ಅದರ ಅಂಚಿನಲ್ಲಿ ಕೆಂಪು ಅಥವಾ ಹಳದಿ ಗೂಟ ನೆಟ್ಟು ಗುರುತು ಮಾಡುತ್ತಾರೆ. ಗಾಲ್ಫ್ ಆಟಗಾರ ಆ ನೀರಿಗೆ ಕಳೆದುಕೊಳ್ಳುವುದು ಒಂದು ಚೆಂಡನ್ನು ಮಾತ್ರ. ನಾವು ಇಳಿಯುವ ಹೊಳೆಯೊಳಗೆ ಆಳ ಎಲ್ಲಿ ಶುರುವಾಗುತ್ತದೆ ಎಂದು ತೋರಿಸುವ ಗೂಟ ಇರುವುದಿಲ್ಲ.

‘ಮರಳು ಮನುಷ್ಯನನ್ನು ಪೂರ್ತಿ ನುಂಗಿಬಿಡುತ್ತದೆ’ ಎನ್ನುವುದು ಮಾತ್ರ ಸಿನಿಮಾ ಕಥೆ. ನೀರು ತುಂಬಿ ಕುಸಿಯುವ ಮರಳಿನ ಬಗ್ಗೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಧ್ಯಯನ ಪ್ರಕಟಿಸಿದ್ದರು. ಅಂಥ ಮರಳು ನಮ್ಮ ದೇಹಕ್ಕಿಂತ ಸುಮಾರು ಎರಡು ಪಟ್ಟು ಸಾಂದ್ರವಾಗಿರುವುದರಿಂದ ಸೊಂಟದಾಚೆ ಮುಳುಗುವುದು ಕಷ್ಟ. ಜೀವ ತೆಗೆಯುವುದು ಮರಳಲ್ಲ, ಅದರ ಮೇಲೆ ಹರಿಯುವ ನೀರು.

ಮಾತು 2: ತಳ ಕಾಣುತ್ತಿದೆ, ಅಂದರೆ ಆಳ ಅಷ್ಟೇ

ಸುಳ್ಳು. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ಲೋಟದಲ್ಲಿಟ್ಟ ಚಮಚ ಮುರಿದಂತೆ ಕಾಣುವುದು ಇದೇ ಕಾರಣಕ್ಕೆ. ಹಾಗಾಗಿ ನೇರವಾಗಿ ಮೇಲಿನಿಂದ ನೋಡಿದಾಗ ನೀರಿನ ಆಳ ನಿಜಕ್ಕಿಂತ ಕಾಲು ಭಾಗ ಕಡಿಮೆ ಕಾಣುತ್ತದೆ. 4 ಅಡಿ ಆಳ 3 ಅಡಿಯಂತೆ ಕಾಣುತ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ ಅನ್ನಿಸುತ್ತದೆ. ಮಕ್ಕಳ ಎತ್ತರಕ್ಕೆ ಈ ಒಂದು ಅಡಿಯ ವ್ಯತ್ಯಾಸವೇ ಸಾವು ಬದುಕಿನ ಪ್ರಶ್ನೆ.

ಮಾತು 3: ಮಳೆ ಇಲ್ಲ, ಬಿಸಿಲಿದೆ, ನೀರು ಏರುವುದಿಲ್ಲ

ಸುಳ್ಳು. ತಲಕಾಡಿಗಿಂತ ಮೇಲೆ, ತಿ. ನರಸೀಪುರದಲ್ಲಿ, ಕಬಿನಿ ಬಂದು ಕಾವೇರಿಯನ್ನು ಸೇರುತ್ತದೆ. ಹಾಗಾಗಿ ಕೆಆರ್‌ಎಸ್‌ನಿಂದ ಬಿಟ್ಟ ನೀರೂ, ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ಜಲಾಶಯದಿಂದ ಬಿಟ್ಟ ನೀರೂ ತಲಕಾಡಿನ ಮುಂದೆಯೇ ಹಾದುಹೋಗಬೇಕು. ಮಳೆ ಕೊಡಗಿನಲ್ಲೋ ಕೇರಳದ ವಯನಾಡಿನಲ್ಲೋ ಸುರಿದಿರುತ್ತದೆ, ತಲಕಾಡಿನ ಆಕಾಶ ಶುಭ್ರವಾಗಿರುತ್ತದೆ.

ನೀರು ಸ್ವಲ್ಪ ಏರಿದರೂ ಸೆಳೆತ ತುಂಬಾ ಹೆಚ್ಚುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಒಂದು ಘನ ಮೀಟರ್ ನೀರಿನ ತೂಕ 1,000 ಕೆ.ಜಿ. ಅಂಥ ನೀರು ಒಂದರ ಹಿಂದೆ ಒಂದು ಬಂದು ತಳ್ಳುತ್ತಿದ್ದರೆ, ಕೆಳಗಿನ ಮರಳೂ ಸರಿಯುತ್ತಿದ್ದರೆ, ಎಂಥ ಗಟ್ಟಿ ಆಳಾದರೂ ನಿಲ್ಲುವುದು ಕಷ್ಟ. ಈಜುಕೊಳದಲ್ಲಿ ಕಲಿತ ಈಜು ಇಲ್ಲಿ ಪೂರ್ತಿ ಕೈಹಿಡಿಯುವುದಿಲ್ಲ. ಕೊಳದ ನೀರು ನಿಂತಿರುತ್ತದೆ, ಹೊಳೆಯ ನೀರು ಎಳೆಯುತ್ತದೆ.

ಮಾತು 4: ಮುಳುಗುವವರು ಕೂಗಿಕೊಳ್ಳುತ್ತಾರೆ, ಆಗ ಹೋಗಿ ಎತ್ತಿದರಾಯಿತು

ಹೆಚ್ಚಿನ ಸಲ ಹಾಗಾಗುವುದಿಲ್ಲ. ಮುಳುಗುತ್ತಿರುವವರ ಬಾಯಿ ನೀರಿನ ಮಟ್ಟದಲ್ಲೇ ಮೇಲೆ ಕೆಳಗೆ ಆಗುತ್ತಿರುತ್ತದೆ. ಉಸಿರೆಳೆಯಲೇ ಸಮಯ ಸಾಲದು, ಇನ್ನು ಕೂಗುವುದೆಲ್ಲಿ? ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ, ಬೀಸಿ ಕರೆಯಲು ಆಗುವುದಿಲ್ಲ. ಈ ಸ್ಥಿತಿ ಸಾಮಾನ್ಯವಾಗಿ 20ರಿಂದ 60 ಸೆಕೆಂಡು ಮಾತ್ರ ಇರುತ್ತದೆ. ದಡದಲ್ಲಿದ್ದವರಿಗೆ ಆಟವಾಡುತ್ತಿರುವಂತೆ ಕಾಣುತ್ತದೆ.

ಗೊತ್ತಾದ ತಕ್ಷಣ ಹಾರುವುದೂ ತಪ್ಪು. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತಾರೆ. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಮೂರು ನಾಲ್ಕು ಜನ ಸಾಯುವುದು ಇದರಿಂದಲೇ.

ಮಾತು 5: ಉಪ್ಪಿನಲ್ಲಿ ಹೂತಿಟ್ಟರೆ ಮೂರ್ನಾಲ್ಕು ಗಂಟೆಯಲ್ಲಿ ಜೀವ ಬರುತ್ತದೆ

ಪೂರ್ತಿ ಸುಳ್ಳು, ಮತ್ತು ಅತ್ಯಂತ ಅಪಾಯಕಾರಿ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ನೀರಿನಲ್ಲಿ ಮುಳುಗಿದ ಬಾಲಕನನ್ನು ಮನೆಯವರು ಇಂಥದೇ ಸಂದೇಶ ನಂಬಿ ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಇಟ್ಟು ಕಾದಿದ್ದರು. ಮಗು ಬದುಕಲಿಲ್ಲ.

ಈ ನಂಬಿಕೆಗೆ ಒಂದು ಮೂಲ ಇರಬಹುದು. ನೀರಿಗೆ ಬಿದ್ದ ನೊಣದ ಮೇಲೆ ಉಪ್ಪು ಅಥವಾ ಬೂದಿ ಹಾಕಿದರೆ ಅದು ಕೆಲವೊಮ್ಮೆ ಎದ್ದು ಹಾರುತ್ತದೆ. ನೊಣ ಉಸಿರಾಡುವುದು ಮೈಮೇಲಿನ ಸಣ್ಣ ರಂಧ್ರಗಳಿಂದ. ಅವುಗಳನ್ನು ಮುಚ್ಚಿದ ನೀರನ್ನು ಉಪ್ಪು ಹೀರುತ್ತದೆ. ಮನುಷ್ಯ ಉಸಿರಾಡುವುದು ಶ್ವಾಸಕೋಶದಿಂದ. ಚರ್ಮದ ಮೇಲಿಟ್ಟ ಉಪ್ಪು ಎದೆಯೊಳಗಿನ ನೀರನ್ನು ಎಳೆಯಲಾರದು. ಅಷ್ಟಕ್ಕೂ ಮುಳುಗಿದವರು ಸಾಯುವುದು ಆಮ್ಲಜನಕ ಸಿಗದೆ. ಉಸಿರು ಮತ್ತು ರಕ್ತಸಂಚಾರ ನಿಂತ ನಾಲ್ಕೈದು ನಿಮಿಷದಲ್ಲೇ ಮೆದುಳಿಗೆ ಹಾನಿ ಶುರುವಾಗುತ್ತದೆ. ಉಪ್ಪು ತರಲು ಅಂಗಡಿಗೆ ಓಡುವ ಹೊತ್ತಿನಲ್ಲಿ ಆ ನಿಮಿಷಗಳು ಮುಗಿದಿರುತ್ತವೆ.

ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಕೂಡ ಬೇಡ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳ ಸೇರಬಹುದು.

ಹಾಗಾದರೆ ಏನು ಮಾಡಬೇಕು?

ನೀರಿಗೆ ಹಾರಬೇಡಿ, ಏನಾದರೂ ಎಸೆಯಿರಿ. ಹಗ್ಗ, ಸೀರೆ, ಉದ್ದ ಕೋಲು, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್, ಯಾವುದಾದರೂ ಆಗುತ್ತದೆ. 20 ಲೀಟರಿನ ಖಾಲಿ ಕ್ಯಾನ್ ಒಬ್ಬರ ತಲೆಯನ್ನು ನೀರಿನ ಮೇಲೆ ಹಿಡಿಯಲು ಸಾಕು. ತೆಪ್ಪದವರನ್ನು ಕೂಗಿ ಕರೆಯಿರಿ. ಒಬ್ಬರು 112 ಅಥವಾ 108ಕ್ಕೆ ಕರೆ ಮಾಡಲಿ.

ದಡಕ್ಕೆ ತಂದ ಮೇಲೆ ಉಸಿರಾಟ ನೋಡಿ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು ಮೊದಲು ಬಾಯಿಂದ ಬಾಯಿಗೆ ಎರಡು ಸಲ ಉಸಿರು ಕೊಡಿ. ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ದೊಡ್ಡವರಿಗಾದರೆ ಸುಮಾರು 5 ಸೆಂ.ಮೀ. ಆಳಕ್ಕೆ, 30 ಸಲ ಒತ್ತಿ. ಮತ್ತೆ ಎರಡು ಉಸಿರು. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಇದೆಲ್ಲ ಅಲಮೇಲಮ್ಮನ ಶಾಪವೇ?

ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಎಂದು ಅಲಮೇಲಮ್ಮ ಶಪಿಸಿದಳು ಎನ್ನುವ ಕಥೆ ಎಲ್ಲರಿಗೂ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಸಂದರ್ಭಕ್ಕೆ ಸೇರಿದ ಕಥೆ ಅದು. ಮರಳು, ಮಡು ಎರಡೂ ಜೊತೆಯಾಗಿರುವುದನ್ನು ನಮ್ಮ ಹಿರಿಯರು ಸರಿಯಾಗಿಯೇ ಗಮನಿಸಿದ್ದರು. ಅವೆರಡೂ ತಿರುಗುವ ನದಿಯ ಎರಡು ದಡಗಳು. ಕಥೆಯಾಗಿ ಅದನ್ನು ಉಳಿಸಿಕೊಳ್ಳೋಣ. ಆದರೆ ಮುಳುಗಿದವರ ವಿಷಯದಲ್ಲಿ ‘ಶಾಪ’, ‘ಹಣೆಬರಹ’ ಎಂದುಬಿಟ್ಟರೆ ಮುಂದಿನ ಸಲವೂ ಯಾರೂ ಕಾರಿನಲ್ಲಿ ಹಗ್ಗ ಇಟ್ಟುಕೊಳ್ಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಇದರಲ್ಲಿ ಬಹುಪಾಲು ತಡೆಯಬಹುದಾದ ಸಾವು. ತಲಕಾಡಿಗೆ ಖಂಡಿತ ಹೋಗಿ, ಮರಳಿನ ಮೇಲೆ ಮನಸಾರೆ ಆಡಿ. ನೀರಿಗೆ ಇಳಿಯುವುದಾದರೆ ಸ್ಥಳೀಯರು ತೋರಿಸಿದ ಕಡೆ ಮಾತ್ರ, ಮಕ್ಕಳ ಕೈ ಹಿಡಿದುಕೊಂಡೇ ಇಳಿಯಿರಿ. ಕುಡಿದು ಇಳಿಯಲೇಬೇಡಿ. ನಿಮ್ಮ ಗುಂಪಿಗೆ ಉಪ್ಪಿನ ಸಂದೇಶ ಬಂದರೆ ಅದನ್ನು ಮುಂದಕ್ಕೆ ಕಳಿಸದೆ, ಅದರ ಕೆಳಗೆ ‘ಹಾರಬೇಡಿ, ಎಸೆಯಿರಿ. ಉಪ್ಪು ಬೇಡ, ಉಸಿರು ಕೊಡಿ’ ಎಂದು ಬರೆಯಿರಿ.