ಮರದ ಪೀಠೋಪಕರಣ: ಮೂಲವೂ ಮುಖ್ಯ, ಹದವೂ ಮುಖ್ಯ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪೀಠೋಪಕರಣ ತಯಾರಕರು ಅಗ್ಗದ ನಾಟಾಕ್ಕೆ ಮನಸೋಲುವ ಮುನ್ನ ಅದರ ಮೂಲವನ್ನು ವಿಚಾರಿಸುವುದು ಒಳಿತು. 1963ರ ಕರ್ನಾಟಕ ಅರಣ್ಯ ಕಾಯ್ದೆಯನ್ವಯ, ರಹದಾರಿಯಿಲ್ಲದೆ ಸಾಗಿಸಿದ ತೇಗ, ಬೀಟೆಗಳಷ್ಟೇ ಅಲ್ಲ, ಅವನ್ನು ಹೊತ್ತ ವಾಹನವೂ ಮುಟ್ಟುಗೋಲಾಗಬಹುದು. ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸಿದ ಸಿಲ್ವರ್ ಓಕ್ ಒಳಾಂಗಣ ಬಳಕೆಗೆ ಉತ್ತಮ ಪರ್ಯಾಯ; 1976ರ ವೃಕ್ಷ ಸಂರಕ್ಷಣಾ ಕಾಯ್ದೆಯು ಅದರ ಕಡಿತಲೆಗೆ ವಿನಾಯಿತಿ ನೀಡಿದೆ.

ಮೂಲದಷ್ಟೇ ಹದವೂ ಮುಖ್ಯ. ಅರಕಲಗೂಡಿನ ಮಳೆಗಾಲದಲ್ಲಿ ಹಸಿ ಹಲಗೆಯಿಂದ ಜೋಡಿಸಿದ ಮೇಜು ಚನ್ನರಾಯಪಟ್ಟಣದ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ತೇವಾಂಶವು ಶೇ. 12ರ ಆಸುಪಾಸಿಗೆ ಇಳಿದ ನಂತರವೇ ಕೆಲಸ ಆರಂಭಿಸತಕ್ಕದ್ದು. ನೇರ ಬಿಸಿಲು ಮತ್ತು ನೀರಿನಿಂದ ದೂರವಿಡಬೇಕೆಂದು ಗ್ರಾಹಕರಿಗೆ ತಿಳಿಸಬೇಕು.

ರಹದಾರಿ ಹಾಗೂ ಖರೀದಿ ರಸೀದಿಗಳ ಪ್ರತಿಗಳನ್ನು ಜೋಪಾನವಾಗಿಟ್ಟ ವರ್ತಕನಿಗೆ ತಪಾಸಣೆಯ ಭಯವಿಲ್ಲ; ಗ್ರಾಹಕರ ವಿಶ್ವಾಸವೂ ಅವನದೇ.