ಎತ್ತಿಗಿಲ್ಲದ ಪಾಪ ನಾಯಿಗೇಕೆ?

ಕನ್ನಡದಲ್ಲಿ ಹೋರಿ ಬೇರೆ, ಎತ್ತು ಬೇರೆ. ಎರಡರ ನಡುವೆ ಇರುವುದು ಬೀಜ ಒಡೆಸುವ ಒಂದು ಕೆಲಸ. ಹಾವೇರಿ ಕಡೆಯ ನಮ್ಮೂರಲ್ಲಿ ದೀಪಾವಳಿಗೆ ಹೋರಿ ಬೆದರಿಸುವುದನ್ನು ನೋಡಲು ಜಾತ್ರೆಯಷ್ಟು ಜನ ಸೇರುತ್ತಾರೆ. ಆದರೆ ನೊಗಕ್ಕೆ ಹೂಡುವುದು ಎತ್ತನ್ನೇ. ಈಗ ಪಶುವೈದ್ಯರು ಬಂದು ಇಕ್ಕಳದಂಥ ಉಪಕರಣದಿಂದ ಮಾಡಿ ಮುಗಿಸುವುದನ್ನು ಹಿಂದೆ ಅರಿವಳಿಕೆಯ ಹೆಸರೂ ಗೊತ್ತಿಲ್ಲದೆ, ಹೋರಿಯ ಕಾಲು ಕಟ್ಟಿ ಕೆಡವಿ ಮಾಡುತ್ತಿದ್ದರು. ಅದನ್ನು ನಮ್ಮ ಮನೆಯಲ್ಲಿ ಯಾರೂ ಪಾಪ ಎಂದದ್ದು ನಾನು ಕೇಳಿಲ್ಲ.

ಅದೇ ಮನೆಯಲ್ಲಿ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸೋಣ ಅಂದರೆ ಎಲ್ಲರ ಮುಖ ಬಾಡುತ್ತದೆ. ‘ಮೂಕಪ್ರಾಣಿ ತಾಯ್ತನ ಕಸ್ಕೊಂಡ್ರ ದೇವ್ರು ಮೆಚ್ತಾನೇನು?’ ಎಂಬುದು ಅಮ್ಮನ ಪ್ರಶ್ನೆ. ಎತ್ತಿನ ವಿಷಯ ತೆಗೆದಾಗ ಅಜ್ಜನ ಉತ್ತರ ಸಿದ್ಧವಾಗಿತ್ತು: ‘ಎತ್ತಿಗಿ ಕೆಲಸ ಐತಿ. ನಾಯಿಗಿ ಏನೈತಿ?’

ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಎತ್ತಿನ ಬೀಜ ಒಡೆಸಿದ್ದು ಎತ್ತಿನ ಒಳ್ಳೆಯದಕ್ಕಲ್ಲ, ನಮ್ಮ ಹೊಲಕ್ಕಾಗಿ ಎಂದು ಅಜ್ಜ ನೇರವಾಗಿ ಒಪ್ಪಿಕೊಂಡಂತಾಯಿತು. ನಾಯಿಯ ವಿಷಯದಲ್ಲಿ ನಾವು ಅಷ್ಟು ನೇರವಾಗಿಲ್ಲ. ‘ಅದರ ಆರೋಗ್ಯಕ್ಕೇ ಒಳ್ಳೆಯದು’ ಎಂದು ಬಿಡುತ್ತೇವೆ. ಅದು ಅರ್ಧ ಸತ್ಯ.

ಮೊದಲು ನಿಜವಾದ ಅರ್ಧ. ಹೆಣ್ಣು ನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಸಾಮಾನ್ಯ; ಬೆದೆ ಮುಗಿದ ಕೆಲವು ವಾರಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ, ಚಿಕಿತ್ಸೆ ತಡವಾದರೆ ಜೀವ ಹೋಗುತ್ತದೆ. ಗರ್ಭಕೋಶ, ಅಂಡಾಶಯ ತೆಗೆದ ನಾಯಿಗೆ ಆ ಭಯ ಬಹುಮಟ್ಟಿಗೆ ಇಲ್ಲ. ಕೂಡುವಾಗ ಒಂದರಿಂದ ಒಂದಕ್ಕೆ ಅಂಟುವ ಒಂದು ಬಗೆಯ ಗಡ್ಡೆಯೂ ಇದೆ. ಕ್ಯಾನ್ಸರ್ ಅಂಟುರೋಗವಲ್ಲ ಎಂದು ಓದಿದ ನಮಗೆ ಇದು ವಿಚಿತ್ರ, ಆದರೆ ನಮ್ಮ ಬೀದಿಗಳಲ್ಲಿ ಇದು ಅಪರೂಪವೇನಲ್ಲ.

ಇನ್ನರ್ಧವನ್ನು ಯಾರೂ ಹೇಳುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ನಾಯಿಗೆ ಹಸಿವು ಹೆಚ್ಚುತ್ತದೆ, ಮೈಗೆ ಬೇಕಾದ ಆಹಾರ ಕಡಿಮೆಯಾಗುತ್ತದೆ. ಮೊದಲಿನಷ್ಟೇ ಅನ್ನ ಹಾಕಿದರೆ ಬೊಜ್ಜು ಖಂಡಿತ. ಕೆಲವು ಹೆಣ್ಣು ನಾಯಿಗಳಿಗೆ ಮುಂದೆ ಮೂತ್ರ ತಡೆಯುವುದು ಕಷ್ಟವಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2013ರಲ್ಲಿ ಗೋಲ್ಡನ್ ರಿಟ್ರೀವರ್ ನಾಯಿಗಳ ದಾಖಲೆ ನೋಡಿದಾಗ, ವರ್ಷ ತುಂಬುವ ಮೊದಲೇ ಶಸ್ತ್ರಚಿಕಿತ್ಸೆಯಾದವುಗಳಲ್ಲಿ ಕೀಲಿನ ತೊಂದರೆ ಹೆಚ್ಚು ಕಂಡಿತು. 2020ರಲ್ಲಿ ಅವರೇ 35 ತಳಿಗಳನ್ನು ನೋಡಿದರು. ಸಣ್ಣ ತಳಿಗಳಲ್ಲಿ ಕೀಲಿನ ತೊಂದರೆ ಹಾಗೆ ಹೆಚ್ಚಿರಲಿಲ್ಲ. ಎಂದರೆ ಎಲ್ಲ ನಾಯಿಗೂ ಒಂದೇ ತಿಂಗಳು, ಒಂದೇ ಲೆಕ್ಕ ಇಲ್ಲ. ನಿಮ್ಮ ಮನೆಯಲ್ಲಿ ಲ್ಯಾಬ್ರಡಾರ್ ಇದ್ದರೆ ವೈದ್ಯರನ್ನು ‘ಮಾಡಿಸಬೇಕಾ’ ಎಂದಷ್ಟೇ ಅಲ್ಲ, ‘ಯಾವಾಗ’ ಎಂದೂ ಕೇಳಿ.

ಮಾಡಿಸಿದರೆ ಕಾವಲು ಕಾಯುವುದಿಲ್ಲ ಎಂಬ ಮಾತೂ ಇದೆ. ಗಂಡು ನಾಯಿ ಬೆದೆಯ ವಾಸನೆ ಹಿಡಿದು ಊರು ಸುತ್ತುವುದು, ಕಂಡಲ್ಲಿ ಕಾಲೆತ್ತುವುದು ಕಡಿಮೆಯಾಗುತ್ತದೆ. ಅಪರಿಚಿತರಿಗೆ ಬೊಗಳುವುದಕ್ಕೂ ಬೀಜಕ್ಕೂ ಸಂಬಂಧವಿಲ್ಲ. ಹಾಗೆಯೇ, ಹೆದರಿ ಕಚ್ಚುವ ನಾಯಿ ಇದರಿಂದ ಸಾಧುವಾಗುತ್ತದೆ ಎಂದೂ ನಂಬಬೇಡಿ.

ಹಾಗಾದರೆ ಯಾರ ಒಳ್ಳೆಯದಕ್ಕೆ? ನನಗನ್ನಿಸುವುದು, ಹೆಚ್ಚಾಗಿ ನಮ್ಮ ಅನುಕೂಲಕ್ಕೇ. ಆದರೆ ಬೇಡ ಎನ್ನುವವರ ಪುಣ್ಯದ ಖರ್ಚು ಯಾರ ತಲೆಗೆ ಬರುತ್ತದೆ ಎಂದೂ ನೋಡಬೇಕಲ್ಲ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ, ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಗಂಡು ಮರಿಗಳನ್ನು ಯಾರಾದರೂ ಕೇಳಿ ಒಯ್ಯುತ್ತಾರೆ. ಹೆಣ್ಣು ಮರಿಗಳು ಕಣ್ಣು ಬಿಡುವಷ್ಟರಲ್ಲಿ ಗೋಣಿಚೀಲ ಸೇರಿ ಸಂತೆ ಮೈದಾನಕ್ಕೋ ಹೆದ್ದಾರಿಯ ಡಾಬಾ ಹಿಂದಕ್ಕೋ ಹೋಗುತ್ತವೆ. ಬಿಟ್ಟು ಬರುವವರು ತಾಯ್ತನ ಕಸಿಯಲು ಮನಸ್ಸಾಗದ ಜನವೇ. ನನ್ನ ಬೆಳ್ಳಿ ಸಿಕ್ಕಿದ್ದೂ ಎಪಿಎಂಸಿ ಗೇಟಿನ ಪಕ್ಕದಲ್ಲಿ. ಮೂರು ಹೆಣ್ಣು ಮರಿಗಳಲ್ಲಿ ಉಸಿರಾಡುತ್ತಿದ್ದುದು ಅದೊಂದೇ.

ನಾರ್ವೆಯಲ್ಲಿ ಆರೋಗ್ಯದ ಕಾರಣವಿಲ್ಲದೆ ಪ್ರಾಣಿಯ ಅಂಗ ತೆಗೆಯುವುದಕ್ಕೆ ಕಾನೂನು ಒಪ್ಪುವುದಿಲ್ಲ. ಗೆಳತಿಯೊಬ್ಬಳು ಇದನ್ನೇ ಹಿಡಿದು ನನ್ನ ಜೊತೆ ವಾದಕ್ಕಿಳಿದಳು. ಒಳ್ಳೆಯ ಕಾನೂನೇ. ಆದರೆ ಅಲ್ಲಿ ನಾಯಿ ಹಗ್ಗದ ತುದಿಯಲ್ಲಿ ಮನುಷ್ಯರ ಜೊತೆ ಹೊರಗೆ ಬರುತ್ತದೆ, ಬೀದಿನಾಯಿ ಇಲ್ಲವೆಂದರೂ ನಡೆಯುತ್ತದೆ. ನಮ್ಮ ಮನೆಗಳ ಗೇಟು ಹಾಲಿನವರು ಬಂದಾಗ ತೆರೆದರೆ ಮುಚ್ಚುವುದು ರಾತ್ರಿಗೆ. 2023ರಲ್ಲಿ ಬಂದ ಕೇಂದ್ರದ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿವೆ, ಸಾಕು ನಾಯಿಯ ಲಸಿಕೆ ಮತ್ತು ಸಂತಾನಹರಣದ ಹೊಣೆಯನ್ನು ಮಾಲೀಕರಿಗೆ. ಬೀದಿನಾಯಿ ಹೆಚ್ಚಾಯಿತೆಂದು ನಗರಸಭೆಗೆ ಬೈಯುವಾಗ ಈ ಎರಡನೆಯ ಸಾಲು ನಮಗೆ ನೆನಪಾಗುವುದೇ ಇಲ್ಲ.

ಬೆಳ್ಳಿಗೆ ಈ ಬಾರಿ ಮೊದಲ ಬೆದೆ. ಮೂರು ವಾರ ಹಿತ್ತಲ ಬಾಗಿಲು ಹಾಕಿ ಒಳಗೇ ಇಟ್ಟುಕೊಂಡೆವು. ಗೇಟಿನಾಚೆ ಏಳೆಂಟು ಗಂಡು ನಾಯಿಗಳು ರಾತ್ರಿಯಿಡೀ ಕಚ್ಚಾಡುತ್ತಿದ್ದವು, ಒಳಗೆ ಇದು ಬಾಗಿಲು ಕೆರೆಯುತ್ತಿತ್ತು. ‘ಹೀಗೇ ಕಟ್ಟಿ ಹಾಕಿದರಾಯ್ತು’ ಎಂಬ ಸಲಹೆ ಕೊಡುವವರು ಒಂದು ರಾತ್ರಿ ಆ ಕೆರೆತ ಕೇಳಬೇಕಿತ್ತು. ವರ್ಷಕ್ಕೆರಡು ಸಲದಂತೆ ಹತ್ತು ವರ್ಷ ಹೀಗೆ ಇಡುವುದು ಯಾವ ಲೆಕ್ಕದಲ್ಲಿ ದಯೆ ಎಂದು ನಾನು ಕೇಳಿದಾಗ ಅಮ್ಮ ಉತ್ತರ ಕೊಡಲಿಲ್ಲ. ‘ಒಂದು ಸೂಲಾದರೂ ಆಗಲಿ’ ಎಂದರು ಅಷ್ಟೇ. ಒಮ್ಮೆ ಮರಿ ಹಾಕಿದರೆ ನಾಯಿಯ ಆರೋಗ್ಯಕ್ಕೆ ಒಳ್ಳೆಯದು ಎಂಬುದಕ್ಕೆ ಆಧಾರವಿಲ್ಲ ಎಂದು ನಮ್ಮ ವೈದ್ಯರೇ ಅವರಿಗೆ ವಿವರಿಸಿದ್ದಾರೆ.

ಬೆದೆಯಲ್ಲಿದ್ದಾಗ ಗರ್ಭಕೋಶಕ್ಕೆ ರಕ್ತ ಹೆಚ್ಚು ಹರಿಯುವುದರಿಂದ ಎರಡು ಮೂರು ತಿಂಗಳು ಬಿಟ್ಟು ಮಾಡುವುದು ವಾಡಿಕೆಯಂತೆ. ಹಾಗಾಗಿ ಮುಂದಿನ ತಿಂಗಳಿಗೆ ದಿನ ಗೊತ್ತಾಗಿದೆ. ಹಿಂದಿನ ರಾತ್ರಿಯಿಂದ ಊಟ ಕೊಡುವಂತಿಲ್ಲ. ಹೊಲಿಗೆ ಮಾಗಲು ಹತ್ತರಿಂದ ಹದಿನಾಲ್ಕು ದಿನ; ಅಷ್ಟೂ ದಿನ ಅದು ಗಾಯ ನೆಕ್ಕದಂತೆ, ಮೆಟ್ಟಿಲು ಹಾರದಂತೆ ಕಾಯಬೇಕು. ಅದೇ ವಾರ ನನ್ನ ಇಂಟರ್ನಲ್ಸ್ ಇವೆ. ತಮ್ಮನೂ ನಾನೂ ಪಾಳಿ ಹಾಕಿಕೊಂಡಿದ್ದೇವೆ. ರಾತ್ರಿಯದು ನನ್ನ ಪಾಳಿ, ಹೇಗೂ ಓದುತ್ತಾ ಎದ್ದಿರುತ್ತೇನೆ.