ಕಾಲು ಟನ್ನಿನ ಲಾರಿ

ಕೊಡಚಾದ್ರಿಗೋ ಮಡಿಕೇರಿ ಕಡೆಯ ಮಾಂದಲಪಟ್ಟಿಗೋ ಹೋಗಿ ಬಂದವರಿಗೆ ಹಳೇ ಜೀಪೆಂದರೆ ಮೈಕೈ ನೋಯಿಸುವ ಪ್ರವಾಸದ ಗಾಡಿ. ಮಲೆನಾಡಿನ ತೋಟದ ಮನೆಗಳಲ್ಲಿ ಅದರ ಲೆಕ್ಕವೇ ಬೇರೆ. ಅಲ್ಲಿ ಅದು ಗೊಬ್ಬರ, ಅಡಕೆ ಗೊನೆ, ಕಾಫಿ ಹಣ್ಣು, ಸಿಮೆಂಟು ಚೀಲ, ಔಷಧಿ ಹೊಡೆಯುವ ಡ್ರಮ್ಮು ಎಲ್ಲವನ್ನೂ ಹೊರುವ ಹೇರುಗಾಡಿ. ಮೂವತ್ತು ನಲವತ್ತು ವರ್ಷ ದಾಟಿದ ಗಾಡಿಯನ್ನು ಇನ್ನೂ ದುಡಿಸಿಕೊಳ್ಳುವವರನ್ನು ಕಂಡಾಗ ನಗರದವರು ‘ಅಜ್ಜನ ಕಾಲದ ಮಮತೆ’ ಎಂದು ನಗುವುದುಂಟು. ಮಮತೆ ಇಲ್ಲವೆಂದಲ್ಲ, ಆದರೆ ಮಮತೆಯೊಂದರಿಂದಲೇ ಯಾರೂ ಮಳೆಗಾಲದ ಏರಿನಲ್ಲಿ ಹೊರೆ ಹೊರಿಸುವುದಿಲ್ಲ. ಜೀಪು ಹುಟ್ಟಿದ್ದೇ ಹೊರಲಿಕ್ಕೆ. ಅಮೆರಿಕದ ಸೇನೆಯ ಕಡತದಲ್ಲಿ ಅದರ ಹೆಸರು ‘ಕಾಲು ಟನ್ನಿನ ಟ್ರಕ್’. 1940ರಲ್ಲಿ ಸೇನೆ ಕೇಳಿದಾಗ ಬಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು 49 ದಿನಗಳಲ್ಲಿ ಕಟ್ಟಿಕೊಟ್ಟಿತು. ಆಮೇಲೆ ಲಕ್ಷಗಟ್ಟಲೆ ತಯಾರಿಸಿದ್ದು ವಿಲ್ಲೀಸ್ ಮತ್ತು ಫೋರ್ಡ್. ಯುದ್ಧ ಮುಗಿದ 1945ರಲ್ಲೇ ವಿಲ್ಲೀಸ್ ಹೊರತಂದ ನಾಗರಿಕ ಜೀಪು ಮೊದಲು ಹುಡುಕಿದ್ದು ರೈತರನ್ನು. ನೇಗಿಲು ಎಳೆಯಲು, ಗರಗಸ ತಿರುಗಿಸಲು ಎಂಜಿನ್ನಿನ ಬಲವನ್ನು ಹೊರಗೆ ಕೊಡುವ ಏರ್ಪಾಟೂ ಅದಕ್ಕೆ ಇತ್ತು.

ಹಳೇ ಜೀಪು ಮಲೆನಾಡಿನಲ್ಲಿ ಏಕೆ ಉಳಿಯಿತು ಎಂಬುದಕ್ಕೆ ರಸ್ತೆ ಕೆಟ್ಟದ್ದು ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ಉತ್ತರ. ಹಳ್ಳಿಗಳಿಗೆ ಈಗ ಟಾರು ಬಂದಿದೆ, ಸಿಮೆಂಟು ರಸ್ತೆಯೂ ಬಂದಿದೆ. ಉಳಿದರ್ಧ ಉತ್ತರ ಇರುವುದು ಇಲ್ಲಿನ ಬೆಳೆಯ ತೂಕದಲ್ಲಿ. ಒಂದು ಕಿಲೋ ಕಾಫಿ ಬೀಜ ಆಗಬೇಕಾದರೆ ಐದಾರು ಕಿಲೋ ಹಣ್ಣು ಬೇಕು, ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕುವುದಾದರೆ ಆ ಹಣ್ಣನ್ನು ಕೊಯ್ದ ದಿನವೇ ಹಾಕಬೇಕು. ಅಡಕೆಯದೂ ಇದೇ ಕತೆ: ಕೊಯ್ಲಿನ ದಿನ ತೋಟದಿಂದ ಮೇಲೆ ಬರುವುದು ಸಿಪ್ಪೆ, ನೀರು, ಗೊನೆಯ ದಂಟು ಸಮೇತದ ಭಾರ; ಸುಲಿದು, ಬೇಯಿಸಿ, ಒಣಗಿಸಿ ಸಾಗರದ್ದೋ ಶಿರಸಿಯದ್ದೋ ಮಂಡಿಗೆ ಹೊರಡುವುದು ಅದರ ಸಣ್ಣದೊಂದು ಪಾಲು. ಅಂದರೆ ಇಲ್ಲಿ ಸರಕು ಅತಿ ಭಾರವಾಗಿರುವುದು ಮೊದಲ ಒಂದೆರಡು ಕಿಲೋಮೀಟರಿನಲ್ಲಿ, ತಗ್ಗಿನ ತೋಟದಿಂದ ಏರಿನ ಅಂಗಳಕ್ಕೆ ಬರುವಾಗ. ಟಾರು ಮುಟ್ಟುವ ಹೊತ್ತಿಗೆ ಅದು ಹಗುರ. ಒಳಕ್ಕೆ ಹೋಗುವ ಹೊರೆಯದೂ ಹೀಗೆಯೇ. ಕೊಟ್ಟಿಗೆ ಗೊಬ್ಬರ, ಸೊಪ್ಪಿನ ಬೆಟ್ಟದ ದರಕು (ಒಣ ಎಲೆ), ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣ, ನೀರಿನ ಡ್ರಮ್ಮು ಯಾವುದೂ ಹೆದ್ದಾರಿ ಕಾಣುವುದಿಲ್ಲ. ಕೊಳೆರೋಗದ ಔಷಧಿ ಹೊಡೆಯುವ ಕಾಲವೋ, ಸರಿಯಾಗಿ ಮಳೆಗಾಲ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಆ ದಿನಗಳ ತೋಟದ ದಾರಿ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಪೇಟೆಯ ಸರಕು ಗಾಡಿಗಳ ಲೆಕ್ಕ ಇದಕ್ಕೆ ತದ್ವಿರುದ್ಧ. 2005ರಲ್ಲಿ ಬಂದ ಟಾಟಾ ಏಸ್ ಗಲ್ಲಿಗಲ್ಲಿಗೆ ಸರಕು ಮುಟ್ಟಿಸಿ ಸಾವಿರಾರು ಜನರಿಗೆ ಅನ್ನ ಕೊಟ್ಟ ಗಾಡಿ. ಅದರ ಬಗ್ಗೆ ಹಗುರವಾಗಿ ಮಾತಾಡುವಂತಿಲ್ಲ. ಆದರೆ ಅದರ ಕಲ್ಪನೆಯಲ್ಲಿ ರಸ್ತೆ ಇದ್ದೇ ಇದೆ. ಜೀಪಿನ ಕಲ್ಪನೆಯಲ್ಲಿ ರಸ್ತೆ ಇಲ್ಲ. ಸ್ವಾತಂತ್ರ್ಯದ ಹೊಸತರಲ್ಲಿ ವಿಲ್ಲೀಸ್ ಬಿಡಿಭಾಗಗಳನ್ನು ತಂದು ಜೋಡಿಸಲು ಶುರುಮಾಡಿದ ಮಹೀಂದ್ರ ಕಂಪನಿ, ಆಮೇಲೆ ದಶಕಗಳ ಕಾಲ ಆ ಮೂಲ ರೂಪವನ್ನು ಹೆಚ್ಚು ಕೆಡಿಸಲಿಲ್ಲ. ಮುಂದೆ ಬಂದ ಎಂಎಂ 540ರಂಥ ಜೀಪುಗಳಲ್ಲಿದ್ದದ್ದು 2,112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್. ಅದರ ಬಲ ಅರವತ್ತು ಚಿಲ್ಲರೆ ಅಶ್ವಶಕ್ತಿ, ಇಂದಿನ ಸಣ್ಣ ಕಾರಿಗೂ ಅದಕ್ಕಿಂತ ಹೆಚ್ಚಿದೆ. ಗುಟ್ಟಿರುವುದು ಎಂಜಿನ್ನಿನಲ್ಲಲ್ಲ, ಗೇರ್ ಡಬ್ಬಿಯ ಹಿಂದೆ ಕುಳಿತ ಇನ್ನೊಂದು ಡಬ್ಬಿಯಲ್ಲಿ. ಸಣ್ಣ ಸನ್ನೆ ಎಳೆದು ನಾಲ್ಕೂ ಗಾಲಿಗೆ ‘ಲೋ’ ಹಾಕಿದರೆ ವೇಗ ಇಳಿದು ಗಾಲಿಯ ಎಳೆತ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಗಾಡಿ ಮನುಷ್ಯನ ನಡಿಗೆಗಿಂತ ನಿಧಾನವಾಗಿ, ಉಸಿರುಗಟ್ಟದೆ ಹತ್ತುತ್ತದೆ. ಹತ್ತುವುದಕ್ಕಿಂತ ಇಳಿಯುವಾಗ ಇದರ ಬೆಲೆ ಗೊತ್ತಾಗುತ್ತದೆ: ಹೊರೆ ಹೊತ್ತ ಗಾಡಿಯನ್ನು ಜಾರುವ ಕೆಮ್ಮಣ್ಣಿನಲ್ಲಿ ಬ್ರೇಕು ತುಳಿದು ಇಳಿಸಿದರೆ ಗಾಲಿ ಕಚ್ಚಿಕೊಂಡು ಜಾರುತ್ತದೆ, ಲೋ ಗೇರಿನಲ್ಲಿ ಎಂಜಿನ್ನೇ ಹಿಡಿದು ಇಳಿಸುತ್ತದೆ. ಉಳಿದದ್ದೆಲ್ಲ ಬರಿಗಣ್ಣಿಗೆ ಅರ್ಥವಾಗುವಂಥದ್ದು. ಏಣಿಯಂಥ ಚಾಸಿ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿದ ಸ್ಪ್ರಿಂಗು, ಸೆನ್ಸರಿನ ಸುಳಿವಿಲ್ಲದ ಡೀಸೆಲ್ ಪಂಪು. ಬ್ಯಾಟರಿ ಸತ್ತರೆ ಇಳಿಜಾರಿನಲ್ಲಿ ತಳ್ಳಿದರಾಯಿತು. ಒಮ್ಮೆ ಹೊತ್ತಿಕೊಂಡ ಎಂಜಿನ್ ಕರೆಂಟನ್ನು ಕೇಳುವುದಿಲ್ಲ. ಊರಿನ ತೇರಿಗೆ ಗಾಲಿ, ಅಚ್ಚು, ತೊಲೆ ಒಂದೊಂದಾಗಿ ಬದಲಾದರೂ ಅದು ಅದೇ ತೇರು ಅಲ್ಲವೇ? ತೋಟದ ಜೀಪೂ ಹಾಗೆ, ತುಂಡುತುಂಡಾಗಿ ಹೊಸದಾಗುತ್ತ ಬದುಕುತ್ತದೆ.

ದುರಸ್ತಿಗೆ ಸುರಿಯುವ ದುಡ್ಡಿನಲ್ಲಿ ಹೊಸದನ್ನೇ ಕೊಳ್ಳಬಹುದಲ್ಲ ಎಂದು ಕೇಳುವವರು ಗಾಡಿ ವರ್ಷಕ್ಕೆ ಎಷ್ಟು ಓಡುತ್ತದೆಂದು ನೋಡುವುದಿಲ್ಲ. 10 ಲಕ್ಷ ಸಾಲ, ನೂರಕ್ಕೆ 10ರ ಬಡ್ಡಿ ಎಂದುಕೊಳ್ಳಿ: ಮೊದಲ ವರ್ಷ ಬಡ್ಡಿಯೇ ಲಕ್ಷ ರೂಪಾಯಿ. ದಿನಾ ನೂರು ಕಿಲೋಮೀಟರ್ ಬಾಡಿಗೆ ಹೊಡೆಯುವವನಿಗೆ ಅದು ಕಿಲೋಮೀಟರಿಗೆ ಮೂರು ರೂಪಾಯಿಗೂ ಕಡಿಮೆ. ತೋಟ–ಅಂಗಳ–ಸೊಸೈಟಿ ಎಂದು ವರ್ಷಕ್ಕೆ 2,000 ಕಿಲೋಮೀಟರ್ ಓಡಿಸುವವನಿಗೆ ಐವತ್ತು ರೂಪಾಯಿ, ಅದೂ ಡೀಸೆಲ್ ಹಾಕುವ ಮೊದಲೇ. ಕೊಯ್ಲು ಮುಗಿದ ಮೇಲೆ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಗೆ ಸಾಲವಿರಬಾರದು. ಟ್ರ್ಯಾಕ್ಟರ್ ಇದೆಯಲ್ಲ ಎಂದರೆ, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ತೋಟದ ಕಡಿದಾದ ತಿರುವಿನಲ್ಲಿ ತಿರುಗಲು ಪಡುವ ಪಾಡನ್ನು ಬಯಲುಸೀಮೆಯವರು ನೋಡಿರಲಿಕ್ಕಿಲ್ಲ. ಜೀಪಿಗೆ ನಿಜವಾದ ಪೈಪೋಟಿ ಪವರ್ ಟಿಲ್ಲರ್‌ನದು. ಒಂದೆರಡು ಎಕರೆಯ ಸಣ್ಣ ಹಿಡುವಳಿದಾರರ ಮಟ್ಟಿಗೆ ಅದೇ ಗೆದ್ದರೂ ಆಶ್ಚರ್ಯವಿಲ್ಲ.

ಸುರಕ್ಷತೆಯ ಆಕ್ಷೇಪಕ್ಕೆ ಮಾತ್ರ ಇಷ್ಟು ಸಲೀಸಾದ ಉತ್ತರವಿಲ್ಲ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಎಷ್ಟೋ ಜೀಪುಗಳಲ್ಲಿ ಗಟ್ಟಿಯಾದ ಬಾಗಿಲೇ ಇಲ್ಲ. ಗಾಲಿಗಳ ನಡುವಿನ ಅಂತರ ಕಿರಿದು, ಮೈ ಎತ್ತರ. ಹೇರು ಮೇಲಕ್ಕೆ ಪೇರಿಸಿ, ಅದರ ಮೇಲೆ ಕೂಲಿಯವರನ್ನೂ ಕೂರಿಸಿಕೊಂಡು ತಿರುವಿನಲ್ಲಿ ಹೋದರೆ ಮಗುಚುವುದು ಅಪರೂಪವಲ್ಲ, ಅದಕ್ಕೆ ಗಾಡಿಯ ಹಳತನವನ್ನು ದೂರಿ ಪ್ರಯೋಜನವಿಲ್ಲ. ಹಳೇ ಜೀಪಿನ ಪರವಾಗಿ ಹೇಳಿದ್ದೆಲ್ಲ ನಡಿಗೆಯ ವೇಗದ ಕೆಲಸಕ್ಕೆ ಹೇಳಿದ್ದು. ಅದೇ ಗಾಡಿಯಲ್ಲಿ ಹೆದ್ದಾರಿ ಹಿಡಿದು ಮಂಗಳೂರಿಗೆ ಹೋಗುವುದು ಬುದ್ಧಿಗೇಡಿತನ. ಹೊಗೆಯ ವಿಚಾರವೂ ಹಾಗೆ. 2020ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಕಡ್ಡಾಯವಾದ ಬಿಎಸ್–6ರ ಮುಂದೆ ಹಳೇ ಡೀಸೆಲ್ ಎಂಜಿನ್ ನಿಲ್ಲಲಾರದು. ಓಡುವುದೇ ಕಡಿಮೆ ಎಂಬ ಸಮಾಧಾನ ತೋಟದ ಜೀಪಿಗೆ ಸಲ್ಲುತ್ತದೆ, ದಿನವೂ ಮತ್ತೆ ಮತ್ತೆ ಪ್ರವಾಸಿಗರನ್ನು ಬೆಟ್ಟ ಹತ್ತಿಸುವ ಜೀಪಿಗೆ ಸಲ್ಲುವುದಿಲ್ಲ.

ಇನ್ನು, ದೊಡ್ಡ ಟಯರು ಹಾಕಿ, ಬಣ್ಣ ಬಳಿದು, ಬೆಂಗಳೂರಿನ ರಸ್ತೆಯಲ್ಲಿ ಮೆರೆಸುವ ಜೀಪುಗಳು. ಅವುಗಳಿಂದ ತೋಟದವರಿಗೆ ಆದದ್ದು ಒಂದೇ, ಹಳೇ ಗಾಡಿಯ ಬೆಲೆ ಏರಿತು.

ಕೆಲಸಕ್ಕೆಂದೇ ಕೊಳ್ಳುವವರು ಬಣ್ಣ ನೋಡಿ ಮರುಳಾಗಬೇಡಿ. ಬಗ್ಗಿ ಚಾಸಿಯ ತುಕ್ಕು ನೋಡಿ, ಲೋ ಗೇರು ಹಾಕಿಸಿ ಏರಿನಲ್ಲಿ ಓಡಿಸಿ ನೋಡಿ. 15 ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ ₹600ರಿಂದ ₹5,000ಕ್ಕೆ ಏರಿಸಿದರು, ಆಮೇಲೂ ಅದು ಏರಿದೆ. ನವೀಕರಣ ಐದೈದು ವರ್ಷಕ್ಕೆ ಮಾತ್ರ; ಅದು ಎಲ್ಲಿಯವರೆಗೆ ಇದೆಯೆಂದು ಆರ್‌ಸಿಯಲ್ಲೇ ಓದಿ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಜೀಪುಗಳೂ ಇವೆ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ ಕೆಳಗೆ ಡೀಸೆಲ್ ಇದ್ದರೆ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಆ ಗಾಡಿ ಬೇಡ.